ಕಾಂಟೋ ಓಸ್ಟಿನಾಟೋ: ಒಂದೇ ಪಿಯಾನೋದಲ್ಲಿ ಕಾಲು ಗಂಟೆಯ ರೂಪ

ಡಚ್ ಸಂಯೋಜಕ ಸಿಮಿಯೋನ್ ಟೆನ್ ಹೋಲ್ಟ್ ಅವರ 'ಕಾಂಟೋ ಓಸ್ಟಿನಾಟೋ' ಕೇಳಿದವರಲ್ಲಿ ಹೆಚ್ಚಿನವರು ಅದನ್ನು ನಾಲ್ಕು ಪಿಯಾನೋಗಳ ವಾದನದಲ್ಲಿ ಕೇಳಿರುತ್ತಾರೆ. ಒಂದು ಗಂಟೆಗೂ ಮೀರಿ, ಎಷ್ಟೋ ಸಲ ಎರಡು ಗಂಟೆ ದಾಟಿ ಸಾಗುವ ಕೃತಿ ಅದು. ಮನೆಯಲ್ಲಿ ಒಂದು ಪಿಯಾನೋ, ಎರಡು ಕೈ ಇರುವವರು 'ಇದು ನಮ್ಮಿಂದಾಗದು' ಎಂದು ಬಿಟ್ಟುಬಿಡುತ್ತಾರೆ. ಬಿಡಬೇಕಿಲ್ಲ. ಒಬ್ಬರೇ ನುಡಿಸಿದ ಧ್ವನಿಮುದ್ರಣಗಳು ಇವೆ. ಡಚ್ ಪಿಯಾನೋ ವಾದಕರಾದ ಐವೋ ಯಾನ್ಸನ್ ಮತ್ತು ಯೆರೂನ್ ಫಾನ್ ಫೇನ್ ಇಬ್ಬರೂ ಒಂಟಿಯಾಗಿ ನುಡಿಸಿದ್ದಾರೆ. ಅದರಲ್ಲಿನ ಆಯ್ದ ವಿಭಾಗಗಳಿಂದ ಹದಿನೈದು ನಿಮಿಷದ ಒಂದು ರೂಪವನ್ನು ಕಟ್ಟಿ, ಕಲಿತು, ಸಭೆಯಲ್ಲಿ ನುಡಿಸುವುದು ಹೇಗೆ ಎಂಬುದು ಈ ಬರಹದ ವಿಷಯ. ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿ ಪರೀಕ್ಷೆಗಳಲ್ಲಿ ಆರನೇ ಗ್ರೇಡ್ ಮುಟ್ಟಿದವರಿಗೆ ಸ್ವರಗಳು ಕಷ್ಟವಾಗವು. ಕಷ್ಟ ಬೇರೆ ಕಡೆ ಇದೆ.

ಮೊದಲು ಕೃತಿಯ ಸ್ವಭಾವ ತಿಳಿದಿರಲಿ. ಟೆನ್ ಹೋಲ್ಟ್ 1923ರಲ್ಲಿ ಉತ್ತರ ಹಾಲೆಂಡಿನ ಬೆರ್ಗೆನ್‌ನಲ್ಲಿ ಹುಟ್ಟಿದರು, 2012ರಲ್ಲಿ ತೀರಿಕೊಂಡರು. ಬೆರ್ಗೆನ್ ಚಿತ್ರಕಾರರು, ಬರಹಗಾರರು ನೆಲೆಸಿದ್ದ ಊರು. ಅಲ್ಲಿ ಅವರಿಗೆ ಪಾಠ ಹೇಳಿದವರು ಯಾಕೋಬ್ ಫಾನ್ ಡೊಮ್ಸೆಲಾರ್. ಚಿತ್ರಕಾರ ಮಾಂಡ್ರಿಯಾನ್‌ನ ಅಡ್ಡ ಗೆರೆ, ಉದ್ದ ಗೆರೆಗಳ ವಿಚಾರವನ್ನು ಪಿಯಾನೋಗೆ ತರಲು ಹೊರಟವರು. ಆಮೇಲೆ ಟೆನ್ ಹೋಲ್ಟ್ ಪ್ಯಾರಿಸ್‌ಗೆ ಹೋಗಿ ಸಂಯೋಜಕರಾದ ಒನೆಗೇರ್ ಮತ್ತು ಮಿಯೋ ಅವರ ಬಳಿ ಕಲಿತರು. ಕಾಂಟೋ ರಚನೆಯಾದದ್ದು 1976ರಿಂದ 1979ರವರೆಗೆ. ಮೊದಲ ವಾದನ 1979ರಲ್ಲಿ ಬೆರ್ಗೆನ್‌ನ ರುಯಿನೆಕೆರ್ಕ್ ಎಂಬ ಚರ್ಚಿನಲ್ಲಿ, ಮೂರು ಪಿಯಾನೋ ಮತ್ತು ಒಂದು ಎಲೆಕ್ಟ್ರಾನಿಕ್ ಆರ್ಗನ್ ಇಟ್ಟುಕೊಂಡು ನಡೆಯಿತು. ಅಂದರೆ ಇದು ಆರಂಭದಿಂದಲೂ ಇಂತಿಷ್ಟೇ ವಾದ್ಯ ಎಂದು ಕಟ್ಟುಹಾಕದ ಸಂಗೀತ.

ಕೃತಿಯಲ್ಲಿ 106 ಸಂಖ್ಯೆ ಹಾಕಿದ ವಿಭಾಗಗಳಿವೆ. ಪ್ರತಿಯೊಂದೂ ಚಿಕ್ಕದು, ಪುನರಾವರ್ತನೆಗೆಂದೇ ಬರೆದದ್ದು. ಎಷ್ಟು ಸಲ ನುಡಿಸಬೇಕೆಂಬುದು ವಾದಕರಿಗೆ ಬಿಟ್ಟದ್ದು. ಗಟ್ಟಿಯಾಗಿಯೋ ಮೆಲ್ಲಗೋ, ಬಿಡಿಸಿಯೋ ಕೂಡಿಸಿಯೋ, ಬರೆದ ಪರ್ಯಾಯಗಳಲ್ಲಿ ಯಾವುದು, ಇವೆಲ್ಲವೂ ಅವರಿಗೇ ಬಿಟ್ಟದ್ದು. ಈ ಸ್ವಾತಂತ್ರ್ಯವನ್ನು 'ವೇದಿಕೆಯಲ್ಲಿ ತೋಚಿದ ಹಾಗೆ' ಎಂದು ಓದಿಕೊಂಡವರೇ ಎಡವುವುದು. ನಾಲ್ವರಿದ್ದಾಗ ಒಬ್ಬರು ಯೋಚಿಸುವಷ್ಟು ಹೊತ್ತು ಉಳಿದ ಮೂವರು ಸಂಗೀತವನ್ನು ಹಿಡಿದುಕೊಂಡಿರುತ್ತಾರೆ. ಒಬ್ಬರೇ ಇದ್ದಾಗ ಆ ಬಿಡುವು ಇಲ್ಲ. ಆದ್ದರಿಂದ ಒಂಟಿ ವಾದಕರು ತೀರ್ಮಾನಗಳಲ್ಲಿ ಹೆಚ್ಚಿನವನ್ನು ಮೊದಲೇ ಕಾಗದದ ಮೇಲೆ ಮಾಡಿಕೊಂಡು ಕೂರಬೇಕು.

ಸ್ವರಲಿಪಿ

ಪ್ರಕಾಶಕರು ನೆದರ್ಲ್ಯಾಂಡ್ಸ್‌ನ ಡೊನೆಮಸ್. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಹಾಳೆಗಳನ್ನು ನಂಬಬೇಡಿ. ಅವುಗಳಲ್ಲಿ ಎಷ್ಟೋ ಯಾರೋ ಕಿವಿಯಲ್ಲಿ ಕೇಳಿ ಬರೆದ, ಜನಪ್ರಿಯ ರಾಗಭಾಗವಷ್ಟೇ ಇರುವ ಸರಳೀಕರಣಗಳು. ಪುನರಾವರ್ತನೆಯ ವಿಭಾಗಗಳೂ ಪರ್ಯಾಯ ಸಾಲುಗಳೂ ಇಲ್ಲದಿದ್ದರೆ ಕೃತಿಯೇ ಇಲ್ಲ. ಸಂಯೋಜಕರು ತೀರಿಕೊಂಡದ್ದು 2012ರಲ್ಲಿ, ಹಾಗಾಗಿ ಹಕ್ಕುಸ್ವಾಮ್ಯ ಇನ್ನೂ ದಶಕಗಳ ಕಾಲ ಜೀವಂತ.

ಸ್ವರಲಿಪಿಯ ಪ್ರತಿ ಕೈಗೆ ಬಂದ ಮೇಲೆ ಪಿಯಾನೋ ಮುಟ್ಟುವ ಮುನ್ನ ಪೆನ್ಸಿಲ್ ಹಿಡಿದು ಮೂರು ಕೆಲಸ ಮಾಡಿ. ಒಂದು, ಒಬ್ಬರ ಎರಡು ಕೈಗೆ ಸಿಗುವ ಮೂಲ ಸಾಲುಗಳಿಗೆ ಗುರುತು ಹಾಕಿ. ಹೆಚ್ಚುವರಿ ಸಾಲುಗಳನ್ನು ಸದ್ಯಕ್ಕೆ ಮರೆತುಬಿಡಿ. ಎರಡು, ಪ್ರತಿ ವಿಭಾಗದಲ್ಲಿ ಐದರ ಗುಂಪುಗಳು (ಐದೈದು ಸ್ವರಗಳ ಗುಂಪು) ಎಷ್ಟಿವೆ ಎಂದು ಎಣಿಸಿ ಅಂಚಿನಲ್ಲಿ ಬರೆಯಿರಿ. ಮೂರು, ಪ್ರತಿ ವಿಭಾಗದ ಮೊದಲ ಮತ್ತು ಕೊನೆಯ ಮಂದ್ರಸ್ವರವನ್ನು ಹೆಸರು ಹಿಡಿದು ಬರೆದುಕೊಳ್ಳಿ. ಈ ಮೂರನೆಯದು ಬೇಸರದ ಕೆಲಸ, ಆದರೆ ವಿಭಾಗಗಳನ್ನು ಆಯ್ದು ಜೋಡಿಸುವಾಗ ಎಲ್ಲವೂ ಇದರ ಮೇಲೆ ನಿಲ್ಲುತ್ತದೆ.

ಕೃತಿ ಬಿ ಫ್ಲ್ಯಾಟ್ ಮೈನರ್‌ನಲ್ಲಿ, ಐದು ಫ್ಲ್ಯಾಟ್‌ಗಳೊಂದಿಗೆ ಇದೆ. ಕರ್ನಾಟಕ ಸಂಗೀತ ಕಲಿತವರು ಬಿ ಫ್ಲ್ಯಾಟ್ ಅನ್ನು ಷಡ್ಜ ಮಾಡಿಕೊಂಡು ನಠಭೈರವಿಯ ಆರೋಹಣ, ಅವರೋಹಣ ನುಡಿಸಿದರೆ ಬೆರಳುಗಳಿಗೆ ಸ್ಥಾನಗಳು ಬೇಗ ಒಗ್ಗುತ್ತವೆ, ಸ್ವರಸ್ಥಾನಗಳು ಅವೇ. ಎ ಫ್ಲ್ಯಾಟ್ ನ್ಯಾಚುರಲ್ ಆದ ಕಡೆ ಕೀರವಾಣಿ ಎಂದುಕೊಳ್ಳಿ. ಕಪ್ಪು ಮನೆಗಳು ಹೆಚ್ಚಿರುವುದು ನಿಜಕ್ಕೂ ಅನುಕೂಲ. ಉದ್ದದ ಮೂರು ಬೆರಳುಗಳು ಕಪ್ಪಿನ ಮೇಲೆ, ಹೆಬ್ಬೆರಳು ಬಿಳಿಯ ಮೇಲೆ ಬಂದರೆ ಕೈ ತಾನಾಗಿ ವಿಶ್ರಾಂತಿಯ ಆಕಾರದಲ್ಲಿರುತ್ತದೆ.

ವಾದ್ಯ

ಡಿಜಿಟಲ್ ಪಿಯಾನೋ ಆದರೆ 88 ಮನೆ, ತೂಕವಿರುವ ಕೀಗಳು. ಜೊತೆಗೆ ನೋಡಬೇಕಾದ್ದು ಪಾಲಿಫೊನಿ, ಅಂದರೆ ವಾದ್ಯ ಒಟ್ಟಿಗೆ ಮೊಳಗಿಸಬಲ್ಲ ಸ್ವರಗಳ ಸಂಖ್ಯೆ. ಎರಡೂ ಕೈ ಸೇರಿ ಸೆಕೆಂಡಿಗೆ 10 ಸ್ವರ ನುಡಿಸುತ್ತಿದ್ದೀರಿ, ಪೆಡಲ್ 6 ಸೆಕೆಂಡ್ ಕೆಳಗಿದೆ ಎಂದಾದರೆ 60 ಸ್ವರಗಳು ಒಟ್ಟಿಗೆ ಮೊಳಗುತ್ತಿರಬೇಕು. ಸ್ಟೀರಿಯೋ ಧ್ವನಿ ಒಂದು ಸ್ವರಕ್ಕೆ ಎರಡು ಪಾಲು ತಿನ್ನುತ್ತದೆ. 64 ಪಾಲಿಫೊನಿಯ ವಾದ್ಯ ಅಲ್ಲಿಗೆ ಕೈಚೆಲ್ಲಿ ಹಳೆಯ ಸ್ವರಗಳನ್ನು, ಎಷ್ಟೋ ಸಲ ಮಂದ್ರವನ್ನೇ, ಕತ್ತರಿಸಿಬಿಡುತ್ತದೆ. 'ನನ್ನ ಪೆಡಲ್ ಸರಿಯಿಲ್ಲ' ಎಂದು ತಿದ್ದುತ್ತಾ ಕೂರುವವರ ಪೈಕಿ ಕೆಲವರ ತೊಂದರೆ ಇದೇ. 128 ಅಥವಾ ಅದಕ್ಕಿಂತ ಹೆಚ್ಚು ಇರಲಿ. ಪೆಡಲ್ ಕೂಡ ಅರ್ಧ ಒತ್ತಿದರೆ ಅರ್ಧ ಎಂದು ಗುರುತಿಸುವಂಥದ್ದಾಗಿರಬೇಕು. ಚೌಕಾಕಾರದ ಸ್ವಿಚ್ ಪೆಡಲ್ ಈ ಕೃತಿಗೆ ಸಾಲದು. ಇನ್ನು ಎಕ್ಸ್ ಆಕಾರದ ಸ್ಟ್ಯಾಂಡ್: ಹದಿನೈದು ನಿಮಿಷ ಎಡಬಿಡದೆ ಒಂದೇ ಲಯ ಬಿದ್ದರೆ ಅದು ತೂಗತೊಡಗುತ್ತದೆ. ಮೇಜಿನಂತೆ ನಾಲ್ಕು ಕಾಲಿನದು ಬಳಸಿ.

ಅಪ್‌ರೈಟ್ ಆದರೆ ಬಿ ಫ್ಲ್ಯಾಟ್, ಡಿ ಫ್ಲ್ಯಾಟ್, ಎಫ್ ಸ್ವರಗಳ ಮಧ್ಯ ಸಪ್ತಕದ ಮನೆಗಳನ್ನು ಒಂದೊಂದಾಗಿ, ತೀರಾ ಮೆಲ್ಲಗೆ ಒತ್ತಿ ನೋಡಿ. ಒಂದು ಮನೆ ತಡವಾಗಿ ಮೇಲೆ ಬಂದರೂ ಪುನರಾವರ್ತನೆಯಲ್ಲಿ ಅದು ನೂರಾರು ಸಲ ಕೇಳಿಸುತ್ತದೆ. ಮಂಗಳೂರು, ಉಡುಪಿಯಂಥ ಕರಾವಳಿ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಫೆಲ್ಟ್ ಮತ್ತು ಮರ ಉಬ್ಬಿ ಕೀಗಳು ಹಿಡಿದುಕೊಳ್ಳುವುದು ಮಾಮೂಲು. ಟ್ಯೂನರ್ ಬಂದಾಗ ಶ್ರುತಿಯ ಜೊತೆ ಇದನ್ನೂ ಸರಿಮಾಡಿಸಿ.

ಐದರ ನಡೆ

ಕೃತಿಯ ಬಹುತೇಕ ಭಾಗ ಐದರ ಮೇಲೆ ನಡೆಯುತ್ತದೆ. ಯುರೋಪಿನ ವಿದ್ಯಾರ್ಥಿಗಳಿಗೆ ಐದರ ಗುಂಪು ದೊಡ್ಡ ತಲೆನೋವು. ಖಂಡ ನಡೆ (ಬಡಿತಕ್ಕೆ ಐದು ಅಕ್ಷರ) ಕೇಳಿ ಬೆಳೆದವರಿಗೆ ಅಷ್ಟು ಕಷ್ಟವಿಲ್ಲ, ಆ ಅನುಕೂಲವನ್ನು ಪೂರ್ತಿ ಬಳಸಿಕೊಳ್ಳಿ.

ಮೆಟ್ರೋನೋಮ್ 40ಕ್ಕೆ ಇಡಿ. ಒಂದು ಬಡಿತಕ್ಕೆ ಒಂದು ಐದರ ಗುಂಪು. ಪಿಯಾನೋದಿಂದ ದೂರ ಕುಳಿತು, ಆದಿತಾಳ ಹಾಕುತ್ತಾ 'ತ ಕ ತ ಕಿ ಟ' ಹೇಳಿ. ಎಂಟು ಗುಂಪುಗಳಿರುವ ವಿಭಾಗ ಸರಿಯಾಗಿ ಒಂದು ಆವರ್ತಕ್ಕೆ ಕೂರುತ್ತದೆ, 40 ಅಕ್ಷರ. ಐದು ನಿಮಿಷ ಎರಡು-ಮೂರಾಗಿ ಹೇಳಿದ ಮೇಲೆ ನಿಲ್ಲಿಸದೆ 'ತ ಕಿ ಟ ತ ಕ' ಎಂದು ಮೂರು-ಎರಡಕ್ಕೆ ತಿರುಗಿ. ತಿರುಗುವ ಜಾಗದಲ್ಲಿ ತಾಳ ಅಲುಗಬಾರದು. ಆಮೇಲೆ ಎರಡು ಕೈಗಳಲ್ಲಿ ಮೇಜಿನ ಮೇಲೆ ಬಡಿಯಿರಿ: ಎಡಗೈ ಎಲ್ಲ ಐದನ್ನೂ ಬಡಿಯಲಿ, ಬಲಗೈ ಮೊದಲು ಒಂದನೆಯ ಮತ್ತು ಮೂರನೆಯ ಅಕ್ಷರಕ್ಕೆ, ನಂತರ ಒಂದನೆಯ ಮತ್ತು ನಾಲ್ಕನೆಯದಕ್ಕೆ ಮಾತ್ರ ಬಡಿಯಲಿ. ಸ್ವರಲಿಪಿಯಲ್ಲಿ ಯಾವ ಕೈಗೆ ಯಾವ ಒಡಕು ಬಂದರೂ ಆಗ ದೇಹ ಸಿದ್ಧವಿರುತ್ತದೆ.

ಒಂದು ಎಚ್ಚರಿಕೆ. ಮೃದಂಗದ ಅಭ್ಯಾಸವಿರುವವರಿಗೆ ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಒತ್ತು ಕೊಡುವುದು ಸಹಜವಾಗಿ ಬರುತ್ತದೆ. ಇಲ್ಲಿ ಬೇಡ. ಎಣಿಕೆ ನಿಮ್ಮೊಳಗಿರಲಿ, ಹೊರಗೆ ಐದೂ ಒಂದೇ ತೂಕದಲ್ಲಿ ಕೇಳಲಿ. ಒತ್ತು ನೀವು ಬೇಕೆಂದಾಗ, ಬೇಕಾದ ಸ್ವರದ ಮೇಲೆ ಹಾಕುವ ಸಾಧನ. ಅದನ್ನು ಮೊದಲಿನಿಂದಲೇ ಖರ್ಚು ಮಾಡಿದರೆ ಹತ್ತನೇ ನಿಮಿಷದಲ್ಲಿ ಕೇಳುಗರಿಗೆ ಕೊಡಲು ಏನೂ ಉಳಿದಿರುವುದಿಲ್ಲ.

ಎಡಗೈ ಮೊದಲು, ಬಹಳ ದಿನ

ಎಡಗೈ ಒಂದೇ ಬಗೆಯ ಚಲನೆಯನ್ನು ಕೃತಿಯುದ್ದಕ್ಕೂ ಮಾಡುತ್ತದೆ. ಹಾಗಾಗಿ ಮೊದಲ ಎರಡು ವಾರ ಎಡಗೈ ಮಾತ್ರ ನುಡಿಸಿ. ಬೆರಳುಗಾರಿಕೆಯನ್ನು ಮೊದಲ ದಿನವೇ ಬರೆದು, ಆಮೇಲೆ ಬದಲಿಸಬೇಡಿ. ಇವತ್ತು 5-2-1, ನಾಳೆ 5-3-1 ಎಂದು ಮಾಡಿದರೆ ನೂರನೇ ಆವರ್ತನೆಯಲ್ಲಿ ಕೈ ಗೊಂದಲಕ್ಕೆ ಬೀಳುತ್ತದೆ. ಕಿರುಬೆರಳಿಗೆ ಮಂದ್ರ ಬಂದಾಗ ಬೆರಳನ್ನು ಚಾಚಿ ಹೊಡೆಯಬೇಡಿ, ಮುಂಗೈ ಇಡಿಯಾಗಿ ಆ ಕಡೆ ಸರಿಯಲಿ. ಮಣಿಕಟ್ಟು ಪ್ರತಿ ಐದಕ್ಕೆ ಒಂದು ಸಣ್ಣ ಅಂಡಾಕಾರ ಬರೆಯಬೇಕು: ಮಂದ್ರದಲ್ಲಿ ಇಳಿದು, ಹೆಬ್ಬೆರಳಿನತ್ತ ಏರಿ, ಮತ್ತೆ ಬರುವುದು. ಆ ಚಲನೆ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಬೇಕಿಲ್ಲ, ಆದರೆ ನಿಂತರೆ ಮೂರೇ ನಿಮಿಷದಲ್ಲಿ ಮುಂಗೈ ಬಿಗಿಯುತ್ತದೆ.

ಬಿಗಿತ ಬಂದ ಕೂಡಲೇ ನಿಲ್ಲಿಸಿ. ಸಹಿಸಿಕೊಂಡು ನುಡಿಸಿದರೆ ಶಕ್ತಿ ಬರುತ್ತದೆ ಎಂಬ ನಂಬಿಕೆ ಇಂಥ ಸಂಗೀತದಲ್ಲಿ ಸ್ನಾಯುರಜ್ಜುಗಳನ್ನು ಕೆಡಿಸುತ್ತದೆ. ಹತ್ತು ನಿಮಿಷ ನುಡಿಸಿ, ಮೂರು ನಿಮಿಷ ಕೈ ಇಳಿಬಿಟ್ಟು ಕೂರಿ, ಮತ್ತೆ ಹತ್ತು. ದಿನಕ್ಕೆ ಇಂಥ ಮೂರು ಸುತ್ತು ಸಾಕು. ಬಿಗಿತ ಮತ್ತೆ ಮತ್ತೆ ಬಂದರೆ ಕಾರಣ ಸಾಮಾನ್ಯವಾಗಿ ಎರಡು: ಕುರ್ಚಿ ತಗ್ಗಾಗಿ ಮಣಿಕಟ್ಟು ಕೆಳಗೆ ಜೋತಿದೆ, ಇಲ್ಲವೇ ಮೆಲ್ಲಗೆ ನುಡಿಸುವ ಹಟದಲ್ಲಿ ಬೆರಳುಗಳನ್ನು ಕೀಗಳ ಮೇಲೆ ತಡೆಹಿಡಿಯುತ್ತಿದ್ದೀರಿ. ಎರಡನೆಯದಕ್ಕೆ ಮದ್ದು: ಒಂದು ದಿನ ಪೂರ್ತಿ ಮಧ್ಯಮ ಗಟ್ಟಿಯಲ್ಲಿ ನುಡಿಸಿ, ಸದ್ದು ತಗ್ಗಿಸುವುದನ್ನು ಆಮೇಲೆ ಕಲಿಯಿರಿ.

ವೇಗ 40ರಿಂದ ಶುರುವಾಗಿ, ಎರಡು ದಿನಕ್ಕೆ ಎರಡರಂತೆ ಏರಲಿ. 52 ಮತ್ತು 60ರ ನಡುವೆ ಎಲ್ಲಾದರೂ ನಿಲ್ಲಿಸಬಹುದು. 60ರಲ್ಲಿ ಸೆಕೆಂಡಿಗೆ ಐದು ಸ್ವರ. ಒಂಟಿ ಪಿಯಾನೋದಲ್ಲಿ ಅದಕ್ಕಿಂತ ವೇಗ ಹೋದರೆ ಒಳಸ್ವರಗಳು ಕಿವಿಗೆ ಸಿಗದೆ ಬರೀ ಓಟವಾಗುತ್ತದೆ.

ಹಾದಿ ಕಟ್ಟುವುದು

60ರ ವೇಗದಲ್ಲಿ 15 ನಿಮಿಷ ಅಂದರೆ 900 ಐದರ ಗುಂಪುಗಳು. ವಿಭಾಗದಲ್ಲಿ 8 ಗುಂಪುಗಳಿದ್ದರೆ ಒಂದು ಸಲ ನುಡಿಸಲು 8 ಸೆಕೆಂಡ್. ಹಾಗೆ ಲೆಕ್ಕ ಹಾಕಿದರೆ ಒಟ್ಟು ಸುಮಾರು 112 ಆವರ್ತನೆಗೆ ಜಾಗವಿದೆ. 14 ವಿಭಾಗ ಆಯ್ದುಕೊಂಡರೆ ಸರಾಸರಿ ಒಂದಕ್ಕೆ ಎಂಟು. ಇದಕ್ಕಿಂತ ಹೆಚ್ಚು ವಿಭಾಗ ತುರುಕಿದರೆ ಕೇಳುಗರಿಗೆ ಒಂದು ವಿಭಾಗದೊಳಗೆ ನೆಲೆಸಲು ಸಮಯ ಸಿಗುವುದಿಲ್ಲ, ಮತ್ತು ನೆಲೆಸುವುದೇ ಈ ಕೃತಿಯ ಜೀವ. ವಿಭಾಗಗಳ ಉದ್ದ ಒಂದೇ ಸಮನಾಗಿಲ್ಲ, ಆದ್ದರಿಂದ ನೀವು ಅಂಚಿನಲ್ಲಿ ಬರೆದ ಎಣಿಕೆಯಿಂದಲೇ ಲೆಕ್ಕ ಹಾಕಿ.

ಕೆಲಸ ಮಾಡುವ ಒಂದು ಹಂಚಿಕೆ ಇದು. ಆರಂಭದ ನಾಲ್ಕು ವಿಭಾಗಗಳಿಗೆ 3 ನಿಮಿಷ. 20ರಿಂದ 40ರ ನಡುವಿನ ನಾಲ್ಕಕ್ಕೆ 4 ನಿಮಿಷ. 74ನೇ ವಿಭಾಗಕ್ಕೆ ಕರೆದೊಯ್ಯುವ, ಅದರ ಹಿಂದಿನ ಮೂರಕ್ಕೆ 3 ನಿಮಿಷ. 74ಕ್ಕೆ ಮೂರೂವರೆ ನಿಮಿಷ. ಕೊನೆಗೆ ಆರಂಭದ ಎರಡು ವಿಭಾಗಗಳಿಗೆ ಮರಳಿ ಒಂದೂವರೆ ನಿಮಿಷ. 74ನೇ ವಿಭಾಗದಲ್ಲಿ ಬರುವ ದೀರ್ಘ ಹಾಡಿನಂಥ ಮೇಲ್ಸ್ವರವೇ ಜನ ಕಾಂಟೋ ಎಂದು ಗುರುತಿಸುವುದು. ಎಷ್ಟೇ ಚಿಕ್ಕ ರೂಪವಾದರೂ ಅದನ್ನು ಬಿಡುವಂತಿಲ್ಲ. ಆದರೆ ಅದರಿಂದಲೇ ಶುರುಮಾಡುವುದೂ ತಪ್ಪು. ಆ ಹಾಡಿನ ತುಣುಕುಗಳು ಹಿಂದಿನ ವಿಭಾಗಗಳಲ್ಲಿ ಹುದುಗಿ ಕಿವಿಯನ್ನು ಸಿದ್ಧಪಡಿಸಿದ್ದರೆ ಮಾತ್ರ ಅದು ಬಂದಾಗ ಬಂದಂತಾಗುತ್ತದೆ.

ಒಂದು ವಿಭಾಗದಿಂದ ದೂರದ ಇನ್ನೊಂದಕ್ಕೆ ಜಿಗಿಯುವ ಕಡೆ ಮಂದ್ರಸ್ವರಗಳ ಪಟ್ಟಿ ತೆಗೆಯಿರಿ. ಬಿಡುವ ವಿಭಾಗದ ಕೊನೆಯ ಮಂದ್ರದಿಂದ ಸೇರುವ ವಿಭಾಗದ ಮೊದಲ ಮಂದ್ರಕ್ಕೆ ಹೋಗುವುದು ಅವೆರಡರಲ್ಲಿ ಒಂದರೊಳಗೇ ಎಲ್ಲಾದರೂ ನಡೆಯುವ ಚಲನೆಯಾಗಿದ್ದರೆ ಜಿಗಿತ ಕೇಳಿಸುವುದೇ ಇಲ್ಲ. ಹೊಸ ಚಲನೆಯಾಗಿದ್ದರೆ ಹತ್ತಿರದ ಬೇರೊಂದು ವಿಭಾಗ ಹುಡುಕಿ. ನೀವಾಗಿ ಸೇತುವೆ ಸ್ವರಗಳನ್ನು ಬರೆಯಬೇಡಿ. ಪುನರಾವರ್ತನೆಯ ಸ್ವಾತಂತ್ರ್ಯ ಸಂಯೋಜಕರು ಕೊಟ್ಟದ್ದು, ಸ್ವರ ಸೇರಿಸುವುದು ಕೊಟ್ಟದ್ದಲ್ಲ.

ಆವರ್ತನೆಯೊಳಗಿನ ಕೆಲಸ

ಇಲ್ಲಿ ಪಾಲಿಸಬೇಕಾದ್ದು ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಎರಡು ಮೂರು ಆವರ್ತನೆಗಳಲ್ಲಿ ಹರಡಿಕೊಂಡು. ಎಂಟು ಆವರ್ತನೆಯ ಒಂದು ವಿಭಾಗವನ್ನು ಹೀಗೆ ಯೋಜಿಸಬಹುದು. ಮೊದಲೆರಡು ಸಲ ಎರಡೂ ಕೈ ಸಮ, ಮೆಲ್ಲಗೆ. ಮೂರು ಮತ್ತು ನಾಲ್ಕರಲ್ಲಿ ಎಡಗೈಯ ಹೆಬ್ಬೆರಳಿನ ಸ್ವರ ಮಾತ್ರ ನಿಧಾನವಾಗಿ ಮುಂದೆ ಬರಲಿ. ಕೇಳುಗರಿಗೆ ಹೊಸ ರಾಗವೊಂದು ಹುಟ್ಟಿದಂತೆ ಕೇಳುತ್ತದೆ, ಸ್ವರಗಳು ಮಾತ್ರ ಅವೇ. ಐದು, ಆರರಲ್ಲಿ ಆ ಸ್ವರ ಹಾಗೇ ಇದ್ದು ಪೆಡಲ್ ತೆಳುವಾಗಿ, ಬಲಗೈಯ ಸ್ವರಗಳು ಬಿಡಿಬಿಡಿಯಾಗಲಿ. ಏಳರಲ್ಲಿ ಹೆಬ್ಬೆರಳು ಹಿಂದೆ ಸರಿಯಲಿ. ಎಂಟರಲ್ಲಿ ಮುಂದಿನ ವಿಭಾಗದ ಸದ್ದಿನ ಮಟ್ಟಕ್ಕೆ ಮೊದಲೇ ತಲುಪಿರಿ, ಹಾಗಾದರೆ ಬದಲಾವಣೆ ಹೊಲಿಗೆ ಕಾಣದ ಬಟ್ಟೆಯಂತಿರುತ್ತದೆ.

ನಾಲ್ಕು ಪಿಯಾನೋಗಳಿದ್ದಾಗ ಪದರಗಳು ಬೇರೆ ಬೇರೆ ಕೈಗಳಿಂದ ಬರುತ್ತವೆ. ಒಂಟಿ ವಾದಕರಿಗೆ ಪದರ ಹುಟ್ಟುವುದು ಬೆರಳುಗಳ ತೂಕದಿಂದ ಮಾತ್ರ. ಸ್ವರಲಿಪಿಯ ಹೆಚ್ಚುವರಿ ಸಾಲುಗಳಿಗೆ ಈಗ ಮರಳಿ. ಬಲಗೈಗೆ ಎಟಕುವ ಒಂದು ಪರ್ಯಾಯವನ್ನು ಒಂದು ವಿಭಾಗಕ್ಕೆ ಒಂದರಂತೆ ತೆಗೆದುಕೊಳ್ಳಿ. ಎಲ್ಲವನ್ನೂ ಹತ್ತು ಬೆರಳಿಗೆ ತುಂಬಲು ಹೋದರೆ ನಡೆ ಕುಂಟುತ್ತದೆ, ಮತ್ತು ನಡೆ ಹೋದರೆ ಇಲ್ಲಿ ಬೇರೇನೂ ಉಳಿಯದು.

ಆವರ್ತನೆಗಳನ್ನು ಎಣಿಸುವುದು ಹೇಗೆ? ತಲೆಯೊಳಗೆ 'ಒಂದು, ಎರಡು' ಎಂದರೆ ಐದರ ಎಣಿಕೆಗೆ ಡಿಕ್ಕಿ ಹೊಡೆಯುತ್ತದೆ. ಅದರ ಬದಲು ಬದಲಾವಣೆಗಳನ್ನೇ ಎಣಿಕೆ ಮಾಡಿಕೊಳ್ಳಿ: ಸಮ, ಹೆಬ್ಬೆರಳು, ಬಿಡಿ, ಹಿಂದೆ. ಈ ನಾಲ್ಕು ಪದ ಹಾಳೆಯ ಮೇಲೆ ಬರೆದಿದ್ದರೆ ಸಾಕು. ಒಂದು ಆವರ್ತನೆ ಹೆಚ್ಚಾದರೆ ಯಾರಿಗೂ ತಿಳಿಯದು. ಎಣಿಕೆ ತಪ್ಪಿತೆಂದು ಹೆದರಿ ಅರ್ಧದಲ್ಲಿ ಹಾರಿದರೆ ಎಲ್ಲರಿಗೂ ತಿಳಿಯುತ್ತದೆ.

74

ಮೇಲ್ಸ್ವರವನ್ನು ಮೊದಲು ಒಂಟಿಯಾಗಿ, ಪೆಡಲ್ ಇಲ್ಲದೆ, ಹಾಡುತ್ತಾ ನುಡಿಸಿ. ಆಮೇಲೆ ಬಲಗೈಯ ಉಳಿದ ಸ್ವರಗಳನ್ನು ಕೀಗಳ ಮೇಲೆ ಮುಟ್ಟಿಸಿ ಮಾತ್ರ, ಸದ್ದಿಲ್ಲದೆ, ಹಾಡನ್ನು 4 ಮತ್ತು 5ನೇ ಬೆರಳುಗಳಲ್ಲಿ ಗಟ್ಟಿಯಾಗಿ ನುಡಿಸಿ. ಕೈಯ ತೂಕ ಹೊರಬದಿಗೆ ವಾಲುವುದು ಹೇಗೆಂದು ಇದರಿಂದಲೇ ತಿಳಿಯುತ್ತದೆ. ಮೂರನೇ ಹಂತದಲ್ಲಿ ಸದ್ದಿಲ್ಲದ ಸ್ವರಗಳಿಗೆ ಸ್ವಲ್ಪ ಸದ್ದು ಕೊಡಿ.

ಇಲ್ಲಿ ನಡೆಯುವ ತಪ್ಪು ಹೆಚ್ಚುಕಡಿಮೆ ಎಲ್ಲರದೂ ಒಂದೇ. ಹಾಡು ಬಂತೆಂದು ಉತ್ಸಾಹ ಉಕ್ಕಿ ವೇಗ ನಾಲ್ಕೈದು ಏರುತ್ತದೆ, ಸದ್ದು ಮೊದಲ ಸಲದಲ್ಲೇ ತುದಿ ಮುಟ್ಟುತ್ತದೆ, ಇನ್ನೂ ಮೂರು ನಿಮಿಷ ಬಾಕಿ. ಮೊದಲ ಬಾರಿ ಹಾಡನ್ನು ಹಿಂದಿನ ವಿಭಾಗಕ್ಕಿಂತ ಮೆಲ್ಲಗೆ ಶುರುಮಾಡಿ. ಎತ್ತರದ ಸದ್ದು ಇಡೀ 74ರಲ್ಲಿ ಒಮ್ಮೆ ಮಾತ್ರ ಬರಲಿ, ಮುಕ್ಕಾಲು ದಾರಿ ಕಳೆದ ಮೇಲೆ. ರುಬಾಟೋ (ಲಯವನ್ನು ಬೇಕೆಂದೇ ಸಡಿಲಿಸುವುದು) ಎಂದು ಹಾಡನ್ನು ಎಳೆಯುವ ಮನಸ್ಸಾದರೆ ತಡೆದುಕೊಳ್ಳಿ. ಎಡಗೈಯ ಐದು ಅಲುಗದೆ ಇರುವುದರಿಂದಲೇ ಮೇಲಿನದು ತೇಲುತ್ತದೆ.

ಪೆಡಲ್ ಬಗ್ಗೆ ಒಂದು ಮಾತು. ಮಂದ್ರ ಬದಲಾದಾಗ ಪೂರ್ತಿ ಬದಲಿಸಿ. ನಡುವೆ, ಅದೇ ಮಂದ್ರದ ಮೇಲೆ ಗುಂಪುಗಳು ಸಾಗುವಾಗ, ಪಾದವನ್ನು ಅರ್ಧಕ್ಕಷ್ಟೇ ಎತ್ತಿ ಇಳಿಸಿ. ಮೇಲಿನ ಮಬ್ಬು ತಿಳಿಯಾಗಿ ಕೆಳಗಿನ ಸ್ವರ ಉಳಿಯುತ್ತದೆ. ಪ್ರತಿ ಐದಕ್ಕೂ ಯಾಂತ್ರಿಕವಾಗಿ ಬದಲಿಸಿದರೆ ಮೊದಲ ಅಕ್ಷರಕ್ಕೆ ಬೇಡದ ಒತ್ತು ಬೀಳುತ್ತದೆ.

ಸಭೆಗೆ ಮುನ್ನ

ಎರಡು ವಾರ ಎಡಗೈ, ಎರಡು ವಾರ ವಿಭಾಗಗಳು ಬಿಡಿಬಿಡಿಯಾಗಿ, ಒಂದು ವಾರ ಬರೀ ಜೋಡಣೆಗಳು (ಪ್ರತಿ ವಿಭಾಗದ ಕೊನೆಯ ಆವರ್ತನೆ ಮತ್ತು ಮುಂದಿನದರ ಮೊದಲನೆಯದು ಮಾತ್ರ), ಕೊನೆಯ ಎರಡು ವಾರ ಪೂರ್ತಿ ಓಟ. ಪೂರ್ತಿ ಓಟ ದಿನಕ್ಕೊಂದೇ. ಫೋನಿನಲ್ಲಿ ಮುದ್ರಿಸಿಕೊಂಡು ಮೊದಲ ನಿಮಿಷದ ವೇಗವನ್ನೂ ಹನ್ನೆರಡನೇ ನಿಮಿಷದ ವೇಗವನ್ನೂ ಮೆಟ್ರೋನೋಮ್ ಹಿಡಿದು ಅಳೆಯಿರಿ. ಎರಡರ ನಡುವೆ ಎರಡು ಅಂಕಿಗಿಂತ ಹೆಚ್ಚು ಅಂತರವಿದ್ದರೆ ಮರುದಿನ ಪೂರ್ತಿ ಓಟ ಬೇಡ, ಎಡಗೈ ಒಂದನ್ನೇ ಹದಿನೈದು ನಿಮಿಷ ನುಡಿಸಿ.

ಹಾಳೆ ತಿರುವಲು ಬಿಡುವೇ ಇಲ್ಲ. 14 ವಿಭಾಗಗಳನ್ನು ನೀವು ಖರೀದಿಸಿದ ಪ್ರತಿಯಿಂದ ವಾದನಕ್ಕೆಂದು ನಾಲ್ಕು ಪುಟಕ್ಕೆ ಜೋಡಿಸಿಕೊಂಡು ಸ್ಟ್ಯಾಂಡಿನ ಮೇಲೆ ಅಗಲಕ್ಕೆ ಇಟ್ಟರೆ ತಿರುವುವ ಪ್ರಶ್ನೆಯೇ ಬರುವುದಿಲ್ಲ. ಟ್ಯಾಬ್ಲೆಟ್ ಆದರೆ ಬ್ಲೂಟೂತ್ ಪೆಡಲ್ ಎಡಪಾದಕ್ಕೆ; ಮೆಲುಪೆಡಲ್ (ಸದ್ದು ತಗ್ಗಿಸುವ ಎಡಬದಿಯ ಪೆಡಲ್) ಬಳಸುವ ವಿಭಾಗ ಪುಟದ ಕೊನೆಗೆ ಬಾರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಒಂದೇ ಪಾದಕ್ಕೆ ಎರಡು ಕೆಲಸ. ಕಾಣುವಷ್ಟು ದೊಡ್ಡ ಅಂಕಿಯ ಗಡಿಯಾರ ಕೀಬೋರ್ಡಿನ ಬದಿಯಲ್ಲಿರಲಿ. ವೇದಿಕೆಯಲ್ಲಿ ಹೊತ್ತಿನ ಅಂದಾಜು ಸುಲಭವಾಗಿ ತಪ್ಪುತ್ತದೆ. ಹಾಳೆಯಲ್ಲಿ ನಾಲ್ಕು ಕಡೆ 'ಇಲ್ಲಿಗೆ 3, ಇಲ್ಲಿಗೆ 7, ಇಲ್ಲಿಗೆ 10, ಇಲ್ಲಿಗೆ ಹದಿಮೂರೂವರೆ' ಎಂದು ಬರೆದಿಡಿ.

ಮುಗಿಸುವಾಗ ಬಲಗೈ ಮೊದಲು ನಿಲ್ಲಲಿ, ಎಡಗೈ ಇನ್ನೆರಡು ಆವರ್ತನೆ ಅದೇ ವೇಗದಲ್ಲಿ ಸಾಗಿ ಗುಂಪಿನ ಕೊನೆಗೆ ನಿಲ್ಲಲಿ, ನಿಧಾನಿಸಬೇಡಿ. ಕಾರ್ಯಕ್ರಮ ಪಟ್ಟಿಯಲ್ಲಾಗಲಿ ವಿಡಿಯೋದ ಕೆಳಗಾಗಲಿ 'ಸಿಮಿಯೋನ್ ಟೆನ್ ಹೋಲ್ಟ್, ಕಾಂಟೋ ಓಸ್ಟಿನಾಟೋ, ಆಯ್ದ ವಿಭಾಗಗಳು' ಎಂದು ಬರೆದು ವಿಭಾಗಗಳ ಸಂಖ್ಯೆ ಕೊಡಿ. ಪೂರ್ಣ ಕೃತಿ ಕೇಳಿದವರಿಗೆ ನೀವು ಯಾವ ಹಾದಿ ಹಿಡಿದಿರೆಂದು ಅದರಿಂದ ತಿಳಿಯುತ್ತದೆ, ಮುಂದೆ ನುಡಿಸುವವರಿಗೂ ಆ ಪಟ್ಟಿ ನೇರವಾಗಿ ಕೆಲಸಕ್ಕೆ ಬರುತ್ತದೆ.